ಒಂದೇ ನೀರು, ಒಂದೇ ಬಿಸಿ

ಅವರ ಎಡಗೈ ಸದಾ ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು. ಕುಂದಲಹಳ್ಳಿ ಕಡೆಯ ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ನಡೆದು ಬರುವಾಗ ಬಲಗೈ ಎಲ್ಲರ ಕೈಯ ಹಾಗೆ ಬೀಸುತ್ತಿತ್ತು. ಎಡಗೈ ಮಾತ್ರ ಹೊಟ್ಟೆಗೆ ಅವುಚಿಕೊಂಡು ಬಿಗಿಯಾಗಿರುತ್ತಿತ್ತು. ಮೊದಲ ಸಲ ನೋಡಿದಾಗ ಪಾಪ, ಕೈಗೆ ಏನೋ ಪೆಟ್ಟಾಗಿದೆ ಅಂದುಕೊಂಡಿದ್ದೆ. ಆ ಮುಷ್ಟಿಯೊಳಗೆ ಯಾರದೋ ಗಂಡ ಕೊಟ್ಟ ವೀರ್ಯದ ಪುಟ್ಟ ಡಬ್ಬಿ ಇರುತ್ತದೆ ಎಂದು ಆಮೇಲೆ ಗೊತ್ತಾಯಿತು. ಗಂಡಸರು ಡಬ್ಬಿ ಕೊಡುವ ಕೋಣೆಗೂ ಲ್ಯಾಬಿಗೂ ನಡುವೆ ಇರುವುದು ಒಂದು ಸಣ್ಣ ದಾರಿ. ಅಷ್ಟು ದೂರದಲ್ಲೂ ಡಬ್ಬಿಗೆ ಮೈಬಿಸಿ ತಪ್ಪಬಾರದು ಎಂಬುದು ಅವರ ಹಟ. ವರ್ಷಾನುಗಟ್ಟಲೆ ಹಾಗೆ ಹಿಡಿದು ಹಿಡಿದು, ಕೈ ಖಾಲಿ ಇದ್ದಾಗಲೂ ಮುಷ್ಟಿ ಬಿಚ್ಚುವುದು ಅವರಿಗೆ ಮರೆತೇ ಹೋಗಿತ್ತು.

ಅದು ಮಕ್ಕಳಾಗದವರು ಹೋಗುವ ಆಸ್ಪತ್ರೆ. ಹೆಣ್ಣಿನ ಅಂಡಾಣುವನ್ನೂ ಗಂಡಿನ ವೀರ್ಯಾಣುವನ್ನೂ ಗಾಜಿನ ತಟ್ಟೆಯಲ್ಲಿ ಕೂಡಿಸಿ ಭ್ರೂಣ ಬೆಳೆಸುವ ಲ್ಯಾಬಿಗೆ ಅವರೇ ಮುಖ್ಯಸ್ಥೆ. ಡಾಕ್ಟರಿಂದ ಹಿಡಿದು ಸೆಕ್ಯೂರಿಟಿಯವರೆಗೆ ಎಲ್ಲರೂ 'ಲ್ಯಾಬ್ ಮೇಡಂ' ಎಂದೇ ಕರೆಯುತ್ತಿದ್ದರು. ಧಾರವಾಡದವರು. ಐವತ್ತು ದಾಟಿದ, ಗಿಡ್ಡ ಮೈಕಟ್ಟಿನ, ದೊಡ್ಡ ಗಂಟಲಿನ ಹೆಂಗಸು. ಅಂಥ ಆಸ್ಪತ್ರೆಗಳಲ್ಲಿ ಕಾಯುವ ಹೆಂಗಸರು ತಲೆ ತಗ್ಗಿಸಿ ಕೂತಿರುತ್ತಾರೆ, ಗಂಡಸರು ಮೊಬೈಲಿನಲ್ಲಿ ಹೂತು ಹೋಗಿರುತ್ತಾರೆ, ಸಿಬ್ಬಂದಿ ಇಂಗ್ಲಿಷಿನಲ್ಲಿ ಪಿಸುಗುಡುತ್ತಿರುತ್ತಾರೆ. ಅದರ ನಡುವೆ "ಯಾರ್ರೀ ಇವತ್ತ ಡಬ್ಬಿ ಕೊಡೋರು, ಲಗೂ ಬರ್ರಿ" ಎಂಬ ದನಿ ಎದ್ದರೆ ಅರ್ಧ ಜನಕ್ಕೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು, ಉಳಿದರ್ಧಕ್ಕೆ ನಗು ಉಕ್ಕುತ್ತಿತ್ತು. ನಾನು ನಗುವವರ ಪೈಕಿ. ನನ್ನ ಗಂಡ ಇನ್ನೊಂದು ಪೈಕಿ.

ಲ್ಯಾಬಿನ ಕಡೆ ತಿರುಗುವ ಬಾಗಿಲ ಚೌಕಟ್ಟಿಗೆ ಅವರು ಒಂದು ಮೊಳೆ ಹೊಡೆಸಿದ್ದರು. ಹೂ ಮುಡಿದು ಬಂದವರು ಅದನ್ನು ತೆಗೆದು ಮೊಳೆಗೆ ತಗುಲಿಸಿಯೇ ಒಳಗೆ ಕಾಲಿಡಬೇಕು. ಮಲ್ಲಿಗೆಯಾಗಲಿ, ಸೆಂಟಾಗಲಿ, ಪೌಡರಾಗಲಿ, ಊದಿನಕಡ್ಡಿಯ ಹೊಗೆ ಹತ್ತಿದ ಸೀರೆಯಾಗಲಿ ಅವರಿಗೆ ಆಗದು. ಗಾಳಿಯಲ್ಲಿ ಬೆರೆತ ವಾಸನೆ ಭ್ರೂಣಕ್ಕೆ ಕೆಟ್ಟದ್ದಂತೆ. "ಒಳಗಿರೋ ಕೂಸಿಗೆ ಇನ್ನೂ ಮೂಗು ಮೂಡಿಲ್ಲ, ಅದಕ್ಕ ಮೈಯೆಲ್ಲಾ ಮೂಗು" ಅನ್ನುತ್ತಿದ್ದರು. ಆ ಮೊಳೆಯ ಮೇಲೆ ದಿನವೂ ನಾಲ್ಕೈದು ಮಾಲೆ ನೇತಾಡುತ್ತಿದ್ದವು, ದೇವರ ಪಟಕ್ಕೆ ಹಾಕಿದ ಹಾಗೆ. ಅವರು ಮಾತ್ರ ಎಂದೂ ಹೂ ಮುಡಿದವರಲ್ಲ. ನಿಮಗೆ ಆಸೆ ಇಲ್ಲವೇ ಮೇಡಂ ಎಂದು ಒಮ್ಮೆ ಕೇಳಿದೆ. "ಮಲ್ಲಿಗಿ ಅಂದ್ರ ನನಗ ಜೀವ. ಕೆಲಸ ಬಿಟ್ಟ ದಿನ ಮುಡ್ಕೋತೀನಿ, ನೋಡಾಕ ಬಾ" ಅಂದಿದ್ದರು.

ನಾನು ಅವರ ಬಾಗಿಲಿಗೆ ಹೋದದ್ದು ಯಾವ ಸ್ಥಿತಿಯಲ್ಲಿ ಎಂದು ಹೇಳಬೇಕು. ನನ್ನ ತವರು ಚಂದಾಪುರ, ಅಪ್ಪ ಫ್ಯಾಕ್ಟರಿ ಕೆಲಸಗಾರ. ಗಂಡನ ಮನೆ ದೊಡ್ಡನೆಕ್ಕುಂದಿಯ ಹಳೇ ಊರಿನವರದು. ರಾಗಿ, ಅವರೆ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳ ವಠಾರ. ಮಾವ ಬಾಡಿಗೆಯವರ ನೀರು ಕರೆಂಟಿನ ತಕರಾರು ನೋಡಿಕೊಳ್ಳುತ್ತಾರೆ, ಗಂಡ ಕಂಪನಿಗಳಿಗೆ ಕಾರು ಓಡಿಸುತ್ತಾರೆ. ನಾನು ಅಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಬ್ಬರ್ ಸೀಲು ಮಾಡುವ ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮದುವೆಯಾಗಿ ವರ್ಷಗಳು ಉರುಳಿದವು, ಮಗುವಾಗಲಿಲ್ಲ. ಗಂಡನ ವೀರ್ಯ ಪರೀಕ್ಷೆ ಮಾಡಿಸಿದೆವು. ಸಂಖ್ಯೆ ಸರಿ, ಓಟ ಸರಿ, ನಾರ್ಮಲ್. ನನ್ನ ಪರೀಕ್ಷೆಗಳೂ ನಾರ್ಮಲ್. ಆದರೆ ನಮ್ಮ ಮನೆಯಲ್ಲಿ ಈ ಎರಡು ನಾರ್ಮಲ್‌ಗಳಿಗೆ ಬೇರೆ ಬೇರೆ ಅರ್ಥವಿತ್ತು. ಅವರದು ನಾರ್ಮಲ್ ಅಂದರೆ ಗಂಡಸು ಗಟ್ಟಿಯಾಗಿದ್ದಾನೆ ಅಂತ. ನನ್ನದು ನಾರ್ಮಲ್ ಅಂದರೆ ದೋಷ ಡಾಕ್ಟರ ಕೈಗೆ ಇನ್ನೂ ಸಿಕ್ಕಿಲ್ಲ ಅಂತ.

ನನ್ನ ಅತ್ತೆ ಕೆಟ್ಟವರಲ್ಲ. ನಾನು ಶಿಫ್ಟ್ ಮುಗಿಸಿ ಬಂದರೆ ಬಿಸಿ ಮುದ್ದೆ ತಟ್ಟೆಗೆ ಬಿದ್ದಿರುತ್ತಿತ್ತು. ಆದರೆ ಮೊಮ್ಮಗುವಿನ ವಿಷಯಕ್ಕೆ ಬಂದರೆ ಅವರ ಕಣ್ಣಿಗೆ ಬೇರೆ ಏನೂ ಕಾಣುತ್ತಿರಲಿಲ್ಲ. ಒಂದು ದಿನ ಬಟ್ಟೆ ಒಣಹಾಕಲು ಮಹಡಿ ಹತ್ತುವಾಗ ಅವರು ಆನೇಕಲ್ಲಿನ ನೆಂಟರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತು. "ಈ ಟ್ರೀಟ್‌ಮೆಂಟ್ ಒಂದು ಮುಗೀಲಿ ಕಣಕ್ಕ. ಇದ್ರಾಗೂ ಆಗ್ನಿಲ್ಲ ಅಂದ್ರೆ ನಾವೇ ಬಂದು ಉಡುಗೀನ ನೋಡ್ತೀವಿ. ನಮ್ ಉಡುಗಂಗೆ ಏನೂ ತೊಂದ್ರೆ ಇಲ್ವಲ್ಲ." ನಾನು ಒದ್ದೆ ಬಟ್ಟೆಯ ಬಕೆಟ್ಟನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಕೆಳಗಿಳಿದೆ. ಅವತ್ತೇ ಸೀರೆಗಳನ್ನು ಬ್ಯಾಗಿಗೆ ತುಂಬಿದೆ. ಗಂಡ ಬಾಗಿಲಲ್ಲಿ ನಿಂತು, "ಅಮ್ಮ ಹಂಗೇ ಅಂತಾರೆ ಕಣೇ, ನಾನು ಒಪ್ತೀನಾ?" ಅಂದರು. ಅಮ್ಮನ ಎದುರು ಯಾಕೆ ಅನ್ನಲಿಲ್ಲ ಎಂದು ಕೇಳಿದೆ. ಟ್ರೀಟ್‌ಮೆಂಟ್ ಮುಗಿಯುವವರೆಗೆ ಇರುತ್ತೇನೆ, ಇದೂ ಫಲಿಸದಿದ್ದರೆ ನಿಮ್ಮಮ್ಮ ಹುಡುಗಿ ನೋಡುವ ಮೊದಲು ನಾನೇ ಹೊರಡುತ್ತೇನೆ ಅಂದೆ. ಬ್ಯಾಗು ಮಂಚದ ಕೆಳಗೆ ತುಂಬಿದ ಹಾಗೆಯೇ ಇತ್ತು.

ಮೊದಲ ದಿನವೇ ನಮ್ಮ ಮನೆಯವರು ಲ್ಯಾಬ್ ಮೇಡಂ ಕೈಗೆ ಸಿಕ್ಕಿಬಿದ್ದರು. ಆಸ್ಪತ್ರೆಯ ಕೋಣೆಯಲ್ಲಿ ಡಬ್ಬಿ ಕೊಡಲು ಗಂಡನಿಗೆ ನಾಚಿಕೆ. ಮನೆಯಿಂದಲೇ ಬೇಗ ತಂದುಕೊಡಿ, ನಡೆಯುತ್ತದೆ ಎಂದು ಆಸ್ಪತ್ರೆಯವರು ಅಂದಿದ್ದರು. ಬೇಸಿಗೆ ಕಾಲ. ಅತ್ತೆ ಅಡ್ಡ ಬಂದು, "ಪೋಲಿಯೋ ಡ್ರಾಪ್ಸೇ ಐಸ್ ಡಬ್ಬೀಲಿ ತತ್ತಾರೆ, ಇದನ್ನ ಇಂಗೆ ಬಿಸಿಲಾಗೆ ತಗೊಂಡೋದ್ರೆ ಕೆಟ್ಟೋಗಕಿಲ್ವಾ?" ಅಂದರು. ನಮಗೂ ಸರಿ ಅನ್ನಿಸಿತು. ಟಿಫನ್ ಕ್ಯಾರಿಯರಿನ ಕೆಳಗಿನ ಡಬ್ಬಿಗೆ ಫ್ರಿಜ್ಜಿನ ಐಸು ತುಂಬಿ, ಅದರ ಮಧ್ಯೆ ವಂಶದ ಭವಿಷ್ಯವನ್ನು ಹುದುಗಿಸಿ ಕಳಿಸಿದರು.

ಮೇಡಂ ಮುಚ್ಚಳ ತೆಗೆದು ನೋಡಿ, "ಏನ್ರೀ ಇದು, ಕುಲ್ಫಿ ತಂದೀರೇನು?" ಎಂದು ಇಡೀ ಕಾರಿಡಾರಿಗೆ ಕೇಳುವ ಹಾಗೆ ಕೇಳಿದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಥಂಡಿಯೊಳಗ ತುಪ್ಪ ಏನಾಗ್ತೈತಿ ಹೇಳು ತಂಗಿ" ಅಂದರು. ಗಟ್ಟಿಯಾಗುತ್ತದೆ ಅಂದೆ. "ವೀರ್ಯಾಣುವಿನ ಮೈಸುತ್ತ ಒಂದು ತೆಳ್ಳನ್ನ ಪರದಿ ಇರತೈತಿ. ಆ ಪರದಿಯೊಳಗ ಕೊಬ್ಬು ಐತಿ. ಒಮ್ಮಿಂದೊಮ್ಮಿಗೆ ಥಂಡಿ ಹತ್ತಿದ್ರ ಅದೂ ಬಿಗೀತೈತಿ, ಬಾಲ ಸುತ್ಕೊಂಡು ಬೀಳ್ತಾವ. ಐಸ್ ಯಾಕ್ರೀ? ನಿಮ್ಮ ಕೈ ಇಲ್ಲೇನು?" ಅವತ್ತೇ ಗಂಡನಿಂದ ಇನ್ನೊಮ್ಮೆ ಡಬ್ಬಿ ಕೊಡಿಸಿ, ಅದನ್ನು ಅವರ ಮುಷ್ಟಿಯಲ್ಲೇ ಇಟ್ಟು ಲ್ಯಾಬಿನ ಬಾಗಿಲವರೆಗೆ ನಡೆಸಿದರು. ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಹೊಟ್ಟೆಗೆ ಒತ್ತಿಕೊಂಡು ನನ್ನ ಗಂಡ ನಡೆದ ಆ ನಡಿಗೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ. ಆ ಪರದೆಯ ಕೊಬ್ಬೇ ಮುಂದೆ ನನ್ನ ಬಾಳನ್ನು ಉಳಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಇಂಜೆಕ್ಷನ್ನುಗಳಾದವು, ನನ್ನ ಅಂಡಾಣುಗಳನ್ನು ಹೊರತೆಗೆದರು, ತಟ್ಟೆಯಲ್ಲಿ ಗಂಡನ ವೀರ್ಯಾಣುಗಳ ಜೊತೆ ಬಿಟ್ಟರು. ಮಾರನೆಯ ಬೆಳಿಗ್ಗೆ ಡಾಕ್ಟರು ನಮ್ಮನ್ನು ಕರೆದರು. ಒಂದು ಅಂಡಾಣುವೂ ಫಲಿತವಾಗಿರಲಿಲ್ಲ. ಎಲ್ಲ ಹಾಗೆ ಹಾಗೆಯೇ ಉಳಿದಿದ್ದವು. "ಎಗ್ ಕ್ವಾಲಿಟಿ ಇರಬಹುದು ಮಾ. ಒಟ್ನಲ್ಲಿ ಅನ್‌ಎಕ್ಸ್‌ಪ್ಲೇನ್ಡ್ ಕೇಸ್" ಅಂದರು ಡಾಕ್ಟರು, ಬೇಸರದಿಂದಲೇ. ಪಕ್ಕದಲ್ಲಿ ಕೂತಿದ್ದ ಅತ್ತೆಗೆ ಇಂಗ್ಲಿಷ್ ಬಾರದಿದ್ದರೂ ಎಗ್ ಅಂದರೆ ಮೊಟ್ಟೆ ಎಂದು ಗೊತ್ತು, ಮೊಟ್ಟೆ ಯಾರದು ಅಂತಲೂ ಗೊತ್ತು. ಅವರು ತಿರುಗಿ ನನ್ನ ಮುಖ ನೋಡಿದರು ಅಷ್ಟೇ. ನನಗೆ ಮಂಚದ ಕೆಳಗಿನ ಬ್ಯಾಗು ಕಣ್ಣೆದುರು ಬಂತು.

ಆಗ ಲ್ಯಾಬ್ ಮೇಡಂ ನೀಲಿ ಟೋಪಿಯಲ್ಲೇ ಒಳಗೆ ಬಂದರು. ಕೆಲಸದ ನಡುವೆ ಅವರು ಹಾಗೆ ಲ್ಯಾಬು ಬಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ತತ್ತಿ ಚೊಲೋ ಇದ್ವು ಮೇಡಂ, ನಾನ ಕಣ್ಣಾರೆ ನೋಡೀನಿ. ಒಂದರೊಳಗೂ ಒಂದು ಹೊಕ್ಕಿಲ್ಲ. ಸುತ್ತ ನಿಂತಾವ, ಒಳಗ ಹೋಗಿಲ್ಲ. ನನಗ ಇವರ ಡಬ್ಬಿ ಇನ್ನೊಮ್ಮೆ ನೋಡೂದೈತಿ" ಅಂದರು. ಡಾಕ್ಟರು, ಅವರೂ ಒಳ್ಳೆಯವರೇ, "ಖಂಡಿತಾ ನೋಡಿ" ಅಂದರು. ಹೊರಗೆ ಬಂದ ಮೇಲೆ ಮೇಡಂ ನನ್ನ ಭುಜ ಹಿಡಿದು ನಿಲ್ಲಿಸಿದರು. "ಅನ್‌ಎಕ್ಸ್‌ಪ್ಲೇನ್ಡ್ ಅಂದ್ರ ನಾವು ಇನ್ನೂ ಸರಿಯಾಗಿ ನೋಡಿಲ್ಲ ಅಂತ ಅರ್ಥ. ನಿಂದು ತಪ್ಪು ಅಂತ ಅರ್ಥ ಅಲ್ಲ. ತಿಳೀತಿಲ್ಲೋ?" ನಾನು ಆ ಕಾರಿಡಾರಿನಲ್ಲಿ ನಗುವವಳು, ಅವತ್ತು ಅವರ ಭುಜಕ್ಕೆ ಮುಖವಿಟ್ಟು ಅತ್ತುಬಿಟ್ಟೆ. ಹೊಸ ಪರೀಕ್ಷೆಯ ದಿನ ಅತ್ತೆಯನ್ನೂ ಕರೆತರಲೇಬೇಕು ಎಂದು ಅವರು ನನ್ನ ಗಂಡನಿಗೆ ತಾಕೀತು ಮಾಡಿದರು.

ಆ ದಿನ ಬೆಳಿಗ್ಗೆ ಅತ್ತೆಗೂ ಅವರಿಗೂ ಮೊಳೆಯ ಹತ್ತಿರವೇ ಶುರುವಾಯಿತು. "ದೇವರ ಹೂವ ಕಣಮ್ಮ, ತೆಗೀಬಾರ್ದು" ಅಂದರು ಅತ್ತೆ. "ದೇವರು ಬ್ಯಾಸರ ಮಾಡ್ಕೊಳ್ಳೂದಿಲ್ರಿ ಅಕ್ಕಾರ, ನಾವು ಬರೂತನಾ ಮೊಳಿಮ್ಯಾಲ ಕೂತಿರತಾನ" ಅಂದು ಮೇಡಂ ತಾವೇ ಕೈ ಚಾಚಿದರು. ಅತ್ತೆ ಗೊಣಗುತ್ತಲೇ ಹೂ ತೆಗೆದುಕೊಟ್ಟರು. ಲ್ಯಾಬಿನ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಟೀವಿ ಇತ್ತು. ಮೈಕ್ರೋಸ್ಕೋಪಿನ ಕೆಳಗಿರುವುದು ಅದರಲ್ಲಿ ಕಾಣುತ್ತದೆ. ಮೇಡಂ ಎರಡು ಮಾದರಿ ಇಟ್ಟುಕೊಂಡಿದ್ದರು. ಒಂದು ನನ್ನ ಗಂಡನದು. ಇನ್ನೊಂದು, ಮಕ್ಕಳಿರುವ ಒಬ್ಬ ಪುಣ್ಯಾತ್ಮ ಪರೀಕ್ಷೆಗೆಂದು ಒಪ್ಪಿ ಕೊಟ್ಟದ್ದು, ಹೆಸರಿಲ್ಲ. ಎರಡನ್ನೂ ತೊಳೆದು, ಒಂದೇ ಬಾಟಲಿಯ ಪೋಷಕ ದ್ರವ ಹಾಕಿ, ಬೇರೆ ಬೇರೆ ತಟ್ಟೆಯಲ್ಲಿ ಇಟ್ಟಿದ್ದರು.

ಬೆಳಿಗ್ಗೆ ನೋಡಿದಾಗ ಎರಡರಲ್ಲೂ ಒಂದೇ ದೃಶ್ಯ. ಸಣ್ಣ ಸಣ್ಣ ತಲೆಗಳು, ಬಾಲ ಬಡಿಯುತ್ತಾ ನೆಟ್ಟಗೆ ಈಜುತ್ತಿದ್ದವು. ಅತ್ತೆ ಕುರ್ಚಿಯ ತುದಿಗೆ ಬಂದು, "ನೋಡು ನೋಡು, ಎಂಗೆ ಓಡ್ತವೆ ನನ್ ಮಗಂದು!" ಅಂದರು. ಮಗ ಗೋಡೆ ನೋಡುತ್ತಿದ್ದರು. ನನಗೆ ಮೈ ಉರಿಯಿತು. ಮೇಡಂ ಮಾತ್ರ, "ಓಡ್ತಾವ್ರಿ ಅಕ್ಕಾರ, ಭಾಳ ಛಂದ ಓಡ್ತಾವ. ಓಡೋದಷ್ಟ ಸಾಕಾಗಿದ್ರ ಇಷ್ಟೊತ್ತಿಗೆ ನಿಮ್ಮ ಮನಿ ತುಂಬ ಮೊಮ್ಮಕ್ಕಳು ಇರ್ತಿದ್ರು" ಅಂದು ಎರಡು ತಟ್ಟೆಗಳನ್ನೂ ಮೈಬಿಸಿಯ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿದರು.

ಮಧ್ಯಾಹ್ನದವರೆಗೆ ಕಾಯಬೇಕಿತ್ತು. ಅವರು ಊಟಕ್ಕೆ ಹೊರಗಿನ ಕಟ್ಟೆಗೆ ಬಂದು ನಮ್ಮ ಜೊತೆಗೇ ಕೂತರು. ಸ್ಟೀಲಿನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅತ್ತೆಗೂ ಅರ್ಧ ರೊಟ್ಟಿ ಮುರಿದು ಕೊಟ್ಟರು. ತಿನ್ನುತ್ತಲೇ ಅವರು ಹೇಳಿದ್ದು ನನಗೆ ಈಗಲೂ ಬಾಯಿಪಾಠ. ಗಂಡಸಿನ ದೇಹದಿಂದ ಹೊರಬಂದ ವೀರ್ಯಾಣು ಈಜಬಲ್ಲದು, ಆದರೆ ಅಂಡಾಣುವಿನೊಳಗೆ ಹೋಗಲಾರದು. ಅದರ ಪರದೆ ಕೊಬ್ಬಿನಿಂದ ಬಿಗಿಯಾಗಿರುತ್ತದೆ, ಮೇಲೆ ಬೇರೆ ಒಂದು ಲೇಪವಿರುತ್ತದೆ. ಹೆಣ್ಣಿನ ದೇಹದೊಳಗೆ ಗಂಟೆಗಟ್ಟಲೆ ಸಾಗುತ್ತಾ ಆ ಲೇಪ ಕಳಚುತ್ತದೆ, ಸುತ್ತಲಿನ ದ್ರವ ಪರದೆಯ ಕೊಬ್ಬನ್ನು ಎಳೆದುಕೊಳ್ಳುತ್ತದೆ, ಪರದೆ ಸಡಿಲವಾಗುತ್ತದೆ. ಆಗ ಕ್ಯಾಲ್ಸಿಯಂ ಒಳಗೆ ನುಗ್ಗಿ ಬಾಲ ಚಾಟಿಯ ಹಾಗೆ ಬೀಸತೊಡಗುತ್ತದೆ. ತಲೆಯ ಮೇಲೊಂದು ಟೋಪಿ ಇದೆ; ಅಂಡಾಣುವಿನ ಕವಚಕ್ಕೆ ದಾರಿ ಕೊರೆಯುವ ರಸ ಅದರಲ್ಲಿರುತ್ತದೆ. ಪರದೆ ಸಡಿಲವಾದ ಮೇಲಷ್ಟೇ ಆ ಟೋಪಿ ಬಿಚ್ಚಿಕೊಳ್ಳಲು ಸಿದ್ಧ.

"ಮೊದಲ ಯಾಕ ತಯಾರಾಗಿ ಬರೂದಿಲ್ಲ ಮೇಡಂ?" ಎಂದು ಕೇಳಿದ್ದು ನನ್ನ ಗಂಡ. ಅವರ ಕನ್ನಡ ಕೇಳಿ ಕೇಳಿ ಇವರಿಗೂ ಧಾರವಾಡ ಅಂಟಿಕೊಂಡಿತ್ತು. ಮೇಡಂಗೆ ಖುಷಿಯಾಯಿತು. "ಶಾಣ್ಯಾ ಅದಿ. ಮೊದಲ ತಯಾರಾದ್ರ ದಾರಿಯೊಳಗ ಟೋಪಿ ಬಿಚ್ಕೊಂಡು, ಒದ್ದಾಡಿ ಸುಸ್ತಾಗಿ ಸತ್ತ ಹೋಗ್ತಾವ. ಅದಕ್ಕ ಗಂಡಸಿನ ಮೈಯೊಳಗ ಅರ್ಧಾ ತಯಾರಿ, ಉಳಿದರ್ಧ ಹೆಣ್ಣಿನ ಮೈಯೊಳಗ." ಗಂಡಸರ ಅರ್ಧ ಬುದ್ಧಿಯ ಲೆಕ್ಕ ಈಗ ಸಿಕ್ಕಿತು ಅಂದೆ ನಾನು. ಅವರು ಜೋರಾಗಿ ನಕ್ಕರು. ಅತ್ತೆ ನಗಲಿಲ್ಲ. ಅವರು ರೊಟ್ಟಿ ಅಗಿಯುವುದನ್ನೇ ನಿಲ್ಲಿಸಿ ಏನೋ ಯೋಚನೆಯಲ್ಲಿ ಬಿದ್ದಿದ್ದರು.

ಊಟವಾದ ಮೇಲೆ ಮತ್ತೆ ಟೀವಿ ಮುಂದೆ ಕೂತೆವು. ಮೊದಲು ಆ ಪುಣ್ಯಾತ್ಮನ ತಟ್ಟೆ. ಬೆಳಗಿನ ನೆಟ್ಟಗಿನ ಓಟ ಬಹಳಷ್ಟರಲ್ಲಿ ಇರಲಿಲ್ಲ. ಬಾಲವನ್ನು ಅಗಲವಾಗಿ ಬೀಸಿ ಬೀಸಿ ಒದೆಯುತ್ತಿದ್ದವು, ತಲೆ ಆ ಕಡೆ ಈ ಕಡೆ ಚಿಮ್ಮುತ್ತಿತ್ತು, ಇದ್ದಲ್ಲೇ ಹೊರಳಾಡುತ್ತಿದ್ದವು. "ನೋಡ್ರಿ, ಪರದಿ ಸಡಿಲಾಗೇತಿ. ಇವು ಈಗ ತಯಾರು" ಅಂದರು ಮೇಡಂ. ಆಮೇಲೆ ನನ್ನ ಗಂಡನ ತಟ್ಟೆ ಇಟ್ಟರು. ನೆಟ್ಟಗೆ, ಸಮಾಧಾನವಾಗಿ, ಬೆಳಿಗ್ಗೆ ಹೇಗೋ ಹಾಗೆಯೇ ಈಜುತ್ತಿದ್ದವು. ಮೇಡಂ ತಟ್ಟೆ ಆ ಕಡೆ ಸರಿಸಿದರು, ಈ ಕಡೆ ಸರಿಸಿದರು. ಎಲ್ಲಿ ನೋಡಿದರೂ ಅದೇ.

ಕೊನೆಗೆ ಅತ್ತೆಯೇ ಬಾಯಿ ತೆರೆದರು. ಊಟದ ಹೊತ್ತಿನಿಂದ ಅವರು ಮಸೆಯುತ್ತಿದ್ದ ಮಾತು ಅದು. "ಒಂದ್ ಮಾತು ಕೇಳ್ತೀನಿ ಡಾಕ್ಟ್ರಮ್ಮ. ಉಳಿದಿದ್ ಅರ್ಧ ಎಣ್ಣಿನ ಮೈಯಾಗೆ ಆಗ್ಬೇಕು ಅಂತ ನೀನೇ ಅಂದೆ. ಅಂಗಾದ್ರೆ ಇವಳ ಮೈಯೇ ಸರಿ ಇಲ್ಲ ಅಂತ್ಲೇ ಆಯ್ತಲ್ಲ?"

ನನ್ನನ್ನು ಬಿಡಿಸಲು ಬಂದ ಮಾತೇ ತಿರುಗಿ ನನ್ನ ಕೊರಳಿಗೆ ಸುತ್ತಿಕೊಂಡಂತಾಯಿತು. ಅತ್ತೆ ಓದಿದವರಲ್ಲ, ಆದರೆ ಪ್ರಶ್ನೆ ಅಂದರೆ ಹೀಗಿರಬೇಕು. ಮೇಡಂ ಕೂಡ ಕೋಪಿಸಿಕೊಳ್ಳಲಿಲ್ಲ. ತಮ್ಮ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಭಾಳ ಚೊಲೋ ಕೇಳಿದ್ರಿ ಅಕ್ಕಾರ. ಇದ ಮಾತು ಯಾರರ ಕೇಳ್ತಾರಂತನ ನಾನು ಹಿಂಗ ಮಾಡೀನಿ. ಇವು ನಿಮ್ಮ ಸೊಸಿ ಮೈಯೊಳಗ ಹೋಗೇ ಇಲ್ಲ. ತಟ್ಟಿಯೊಳಗ ಅದಾವ. ಹೆಣ್ಣಿನ ಮೈಯೊಳಗ ಏನಾಗಬೇಕೋ ಅದನ್ನ ಮಾಡೋ ನೀರು ಹಾಕೀನಿ. ಎರಡಕ್ಕೂ ಒಂದ ನೀರು. ಒಂದ ಪೆಟಗಿ, ಒಂದ ಬಿಸಿ. ಅವು ಬದಲಾದುವು. ಇವು ಆಗಲಿಲ್ಲ. ಈಗ ಹೇಳ್ರಿ, ಇದರಾಗ ನಿಮ್ಮ ಸೊಸಿ ಎಲ್ಲಿ ಬಂದ್ಲು?"

ಅತ್ತೆ ಟೀವಿಯನ್ನೇ ನೋಡುತ್ತಾ ಕೂತರು. ಅವರ ಬಲಗೈಯ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ಉಜ್ಜಿಕೊಳ್ಳುತ್ತಿದ್ದವು. ಆ ಬೆರಳಾಟ ನನಗೆ ಗೊತ್ತು. ನಮ್ಮ ಕಡೆ ಚಳಿಗಾಲ ಬಂದರೆ ಮನೆ ಮನೆಯಲ್ಲೂ ಅವರೆಕಾಳು. ನೆನೆಹಾಕಿ, ಬೆರಳಲ್ಲಿ ಹಿಸುಕಿ, ಸಿಪ್ಪೆ ಬಿಡಿಸಿ ಬೇಳೆ ಮಾಡುತ್ತೇವೆ.

"ಅವರೆಕಾಳು ನೆನೆ ಆಕ್ತೀವಲ್ಲ," ಎಂದು ನಿಧಾನವಾಗಿ ಶುರುಮಾಡಿದರು. "ಒಂದೇ ಪಾತ್ರೆ, ಒಂದೇ ನೀರು. ಒಳ್ಳೇ ಕಾಳು ಇಸುಕ್ತಿದ್ದಂಗೇನೆ ಸಿಪ್ಪೆ ಬುಟ್ಟು ಪಕ್ ಅಂತ ಈಚಿಗೆ ಬತ್ತದೆ. ಕೆಲವು ಕಾಳು ನೋಡಕ್ಕೆ ಗುಂಡುಗುಂಡುಗೆ ಚೆನ್ನಾಗೇ ಇರ್ತವೆ, ಎಷ್ಟ್ ಇಸುಕಿದ್ರೂ ಸಿಪ್ಪೆ ಬುಡಾಕಿಲ್ಲ. ಅಂಗಾ ಇದು?"

"ಅಗದೀ ಹಂಗ ಅಲ್ರಿ," ಅಂದರು ಮೇಡಂ. ವಿಜ್ಞಾನದ ವಿಷಯದಲ್ಲಿ ಅವರು ಯಾರಿಗೂ ರಿಯಾಯಿತಿ ಕೊಟ್ಟವರಲ್ಲ. "ಇಲ್ಲಿ ಸಿಪ್ಪಿ ಸುಲಿಯೂದಿಲ್ಲ, ಪರದಿ ಅಲ್ಲೇ ಇರತೈತಿ, ಕೊಬ್ಬು ಹೋಗಿ ಸಡಿಲ ಆಗತೈತಿ. ಇದೊಂದ ಕಾರಣ ಅಂತ ನಾನು ಆಣಿ ಮಾಡಿ ಹೇಳೂದಿಲ್ಲ. ಆದ್ರ ನೀವು ತಿಳ್ಕೊಂಡದ್ದು ಖರೆ ಐತಿ."

ಅತ್ತೆ ಉದ್ದಕ್ಕೆ ಉಸಿರುಬಿಟ್ಟರು. "ಕಾಳು ಸಿಪ್ಪೆ ಬುಡ್ನಿಲ್ಲ ಅಂತ ಯಾರೂ ನೀರನ್ನ ಬೈಯಾಕಿಲ್ಲ" ಅಂದರು. ಆ ಮಾತನ್ನು ಅವರು ಮೇಡಂಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.

ನನ್ನ ಗಂಡ ತಲೆ ಎತ್ತಿರಲಿಲ್ಲ. ಮೇಡಂ ಅವರ ಬೆನ್ನಿಗೊಂದು ಏಟು ಕೊಟ್ಟರು. "ಏ, ನಿಂದೇನು ತಪ್ಪು ಇದರಾಗ? ನಾನು ಗಿಡ್ಡ ಅದೀನಿ, ಅದನ್ನ ನಾನ ಮಾಡ್ಕೊಂಡೀನೇನು? ಒಂದನ್ನ ಹಿಡಿದು ಸೂಜೀಲೆ ಸೀದಾ ತತ್ತಿಯೊಳಗ ಇಟ್ಟುಬಿಡ್ತೀನಿ. ಬಾಗಿಲ ತಗೀಲಿಕ್ಕೆ ಬರದವನನ್ನ ಎತ್ತಿ ಒಳಗ ಕೂರಿಸೂದು. ಮುಂದಿನ ಕೆಲಸ ಅವಕ್ಕ ಗೊತ್ತೈತಿ." ಇಷ್ಟು ಹಗುರವಾಗಿ ಒಬ್ಬ ಗಂಡಸಿಗೆ ಆ ಸುದ್ದಿ ಹೇಳಲು ಬೇರೆ ಯಾರಿಗೆ ಬರುತ್ತಿತ್ತೋ ಗೊತ್ತಿಲ್ಲ. ಮನೆಗೆ ಬರುವಾಗ ಮಾರತ್ತಹಳ್ಳಿ ಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ಕಾರು ನಿಂತಿತ್ತು. ಗಂಡ ಮುಂದೆ ನೋಡುತ್ತಲೇ, "ಅಮ್ಮ, ಆನೇಕಲ್‌ನವರಿಗೆ ಇನ್ನು ಫೋನ್ ಮಾಡ್ಬೇಡ" ಅಂದರು. ಹಿಂದಿನ ಸೀಟಿನಿಂದ, "ಇಲ್ಲ ಕಣ್ಲಾ" ಎಂಬ ಉತ್ತರ ಬಂತು. ಅವತ್ತು ಸಂಜೆ ನಾನು ಬ್ಯಾಗಿನಿಂದ ಸೀರೆಗಳನ್ನು ತೆಗೆದು ಬೀರುವಿಗೆ ಇಟ್ಟೆ. ಮಗುವಾಗುತ್ತದೋ ಇಲ್ಲವೋ ಆಗಿನ್ನೂ ಗೊತ್ತಿರಲಿಲ್ಲ.

ಆಯಿತು. ಮೇಡಂ ಸೂಜಿಯ ಮೊನೆಯಲ್ಲಿ ಒಂದೊಂದನ್ನೇ ಆರಿಸಿ ಇಟ್ಟರು, ಅಂಡಾಣುಗಳು ಫಲಿತವಾದವು, ಎರಡನೆಯ ಪ್ರಯತ್ನದಲ್ಲಿ ನನ್ನ ಹೊಟ್ಟೆಯಲ್ಲಿ ಒಂದು ನಿಂತಿತು. ಮಗಳು ಹುಟ್ಟಿದಾಗ ಅವರು ವಾರ್ಡಿಗೆ ಬಂದು, ಕೈ ತೊಳೆದು, ಮಗುವಿನ ಮೂಗು ಮುಟ್ಟಿ, "ಬಂತಲ್ಲವಾ ಮೂಗು! ಇನ್ನ ಬೇಕಾದಷ್ಟು ಮಲ್ಲಿಗಿ ಮೂಸು" ಅಂದರು. ಆಮೇಲೆ ವರ್ಷಕ್ಕೊಮ್ಮೆ ಅವರೆಕಾಯಿ ಕಾಲದಲ್ಲಿ ಅತ್ತೆ ಬಿಡಿಸಿದ ಬೇಳೆಯ ಸಾರು ಒಂದು ಡಬ್ಬಿಯಲ್ಲಿ ಅವರಿಗೆ ಹೋಗುತ್ತಿತ್ತು. ಅವರು ಅದನ್ನು ರೊಟ್ಟಿಯ ಜೊತೆ ತಿಂದು, ಖಾರ ಸಾಲದು ಎಂದು ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದರು.

ಅತ್ತೆ ಮಾತ್ರ ಬದಲಾಗಿದ್ದರು. ನಮ್ಮ ವಠಾರದಲ್ಲಿ ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಬಹಳ. ಅಲ್ಲಿ ಯಾವ ಸೊಸೆಗಾದರೂ ಬಂಜೆ ಎಂಬ ಮಾತು ಬಿತ್ತೋ, ಅತ್ತೆ ಸೆರಗು ಸಿಕ್ಕಿಸಿಕೊಂಡು ಹೋಗಿ, "ಮೊದ್ಲು ನಿನ್ ಮಗನ್ನ ಕರ್ಕೊಂಡೋಗಿ ತೋರ್ಸು. ರಿಪೋಲ್ಟು ನಾರ್ಮಲ್ ಅಂದ್ರೂ ನಂಬ್ಬೇಡ" ಎಂದು ಜಗಳ ಕಾಯುತ್ತಾರೆ. ನನ್ನ ಬಳಿ ಮಾತ್ರ ಆ ಹಳೆಯ ದಿನಗಳ ಮಾತನ್ನು ಅವರು ಎತ್ತಿದ್ದಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು, "ಈ ಮೊಗ ಆ ಡಾಕ್ಟ್ರಮ್ಮ ಕೊಟ್ಟಿದ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು, ಅಷ್ಟೇ. ನಾನೂ ಕೇಳಲು ಹೋಗಲಿಲ್ಲ.

ಮೇಡಂ ನಿವೃತ್ತರಾದ ದಿನ ನಾವೆಲ್ಲ ಹೋಗಿದ್ದೆವು. ಅತ್ತೆ ಉದ್ದನೆಯ ಮಲ್ಲಿಗೆ ಮಾಲೆ ತಂದು, "ಈಗ ಮುಡ್ಕೊಬೌದಲ್ಲವ್ವ" ಅಂದರು. ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಒಳಗೆ ಇನ್ನೂ ಯಾರದೋ ಭ್ರೂಣ ನೋಡುವುದು ಬಾಕಿ ಇತ್ತಂತೆ. ಮಾಲೆ ಮೊಳೆಯ ಮೇಲೆ ಹೋಯಿತು. ಸಂಜೆ ಟೋಪಿ ತೆಗೆದು ಹೊರಬಂದಾಗ ಅವರ ಕೂದಲೆಲ್ಲ ಬೆಳ್ಳಗಾಗಿದೆ ಎಂದು ನನಗೆ ಮೊದಲ ಸಲ ಗೊತ್ತಾಯಿತು. ಅತ್ತೆ ಅವರನ್ನು ಬೆಂಚಿನ ಮೇಲೆ ಕೂರಿಸಿ ಹೂ ಮುಡಿಸಿದರು. ನನ್ನ ಮಗಳು ಅವರ ಎಡಗೈಯ ಮುಷ್ಟಿಯನ್ನು ಒಂದೊಂದೇ ಬೆರಳು ಎತ್ತಿ ಬಿಚ್ಚಿದಳು. "ಏನೂ ಇಲ್ಲ ಅಜ್ಜಿ!" ಅಂದಳು. "ಹೌದಲ್ಲವಾ, ಇನ್ನ ಏನೂ ಇರೂದಿಲ್ಲ" ಅಂದರು ಮೇಡಂ. ಆ ಕೈಯನ್ನು ನಾನು ಹಿಡಿದುಕೊಂಡೆ. ಬೆಚ್ಚಗಿತ್ತು. ನೀವು ನನಗೆ ಮಾಡಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ ಅಂದೆ. "ಹುಚ್ಚಿ, ನಾನೇನು ಮಾಡೀನಿ, ನೋಡೀನಿ ಅಷ್ಟ" ಅಂದರು.

ಕಳೆದ ಚಳಿಗಾಲದಲ್ಲಿ ಧಾರವಾಡದಿಂದ ಮೇಡಂ ತಂಗಿಯ ಫೋನು ಬಂತು. ಹೃದಯದ ತೊಂದರೆ ಇತ್ತಂತೆ, ಹೋಗಿಬಿಟ್ಟರು. ಅತ್ತೆ ಹೊಸ್ತಿಲ ಹೊರಗೆ ಕಾಲು ಚಾಚಿ ಕೂತು ನೆನೆದ ಅವರೆಕಾಳು ಹಿಸುಕುತ್ತಿದ್ದರು. ಮೇಡಂಗೆ ಕಳಿಸುವ ಸಾರಿಗೆ ಅಲ್ಲ, ಅವರು ಧಾರವಾಡಕ್ಕೆ ಹೋದ ಮೇಲೆ ಅದು ನಿಂತು ಎರಡು ವರ್ಷವಾಗಿತ್ತು, ಆದರೂ ಆ ಕಾಲದಲ್ಲಿ ಅವರ ಮಾತು ಬಾರದೆ ಬೇಳೆ ಬಿಡಿಸಿದ್ದಿಲ್ಲ. ನಾನು ಸುದ್ದಿ ಹೇಳಿದೆ. ನೀರಿನೊಳಗಿದ್ದ ಅವರ ಕೈ ಅಲ್ಲೇ ನಿಂತಿತು.

"ಮೊಗ ಕೊಟ್ಲು ಮೊಗ ಕೊಟ್ಲು ಅಂತ ಊರಿಗೆಲ್ಲಾ ಯೋಳ್ಕೊಂಡು ತಿರುಗ್ದೆ," ಅಂದರು ಆಮೇಲೆ, ನನ್ನ ಮುಖ ನೋಡದೆ. "ಮೊಗ ಆಮೇಲಿನ್ ಮಾತು ಕಣೇ. ಆವಮ್ಮ ಅವತ್ತು ನನ್ ಕಣ್ಣಿಗೆ ತೋರಿಸ್ದೆ ಓಗಿದ್ರೆ ನಾನು ನಿನ್ನೇ ಕಳ್ಕೊಂಬುಡ್ತಿದ್ದೆ."

ಅವರು ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಮುಡಿಯಲ್ಲಿದ್ದ ಮಲ್ಲಿಗೆ ತೆಗೆದು, ತೋರಣ ಕಟ್ಟಲು ಬಾಗಿಲಿಗೆ ಹೊಡೆದಿದ್ದ ಮೊಳೆಗೆ ತಗುಲಿಸಿ, ಮತ್ತೆ ಬಂದು ಕೂತರು. ನಾನೂ ಎದುರಿಗೆ ಕೂತು ಅದೇ ನೀರಿಗೆ ಕೈ ಹಾಕಿದೆ.